ಮಸಿ, ಪೌಡರು ಮತ್ತು ಎಸ್ತೇರಮ್ಮನ ಕೋರ್ಟು

ಹೋದ ವರ್ಷ ಒಂದು ಬೆಳಿಗ್ಗೆ, ನಾನಿನ್ನೂ ಹಲ್ಲಿನ ಸೆಟ್ಟನ್ನು ಬಾಯಿಗೆ ಹಾಕಿಕೊಂಡಿರಲಿಲ್ಲ, ನನ್ನ ತಂಗಿಯ ಮೊಮ್ಮಗಳು ಅಶ್ವಿನಿ ಫೋನ್ ಮಾಡಿ, "ಅಜ್ಜೀ, ನಿಮ್ಮನ್ಯಾಗ ಮಸಿ ಐತೇನು?" ಎಂದು ಕೇಳಿದಳು.

ನೆರೆಹೊರೆಯವರು ಸಕ್ಕರೆ ಕೇಳಿದ್ದುಂಟು, ಹೆಪ್ಪಿಗೆ ಮಜ್ಜಿಗೆ ಕೇಳಿದ್ದುಂಟು. ಎಪ್ಪತ್ತಾರು ವರ್ಷದ ಆಯುಷ್ಯದಲ್ಲಿ ಮಸಿ ಕೇಳಿದವಳು ಇವಳೊಬ್ಬಳೇ.

"ಯಾರ ಮುಖಕ್ಕವ್ವಾ?" ಎಂದೆ.

"ಹೆಂಗ ಗೊತ್ತಾತು ನಿಮಗ!" ಅವಳಿಗೆ ಆಶ್ಚರ್ಯ. "ಖರೇನ ಮುಖಕ್ಕ, ನಾಟಕಕ್ಕ. ರೊಟ್ಟಿ ಹಂಚಿನ ತಳಕ್ಕ ಇರ್ತೈತಲ್ಲ, ಆ ಮಸಿ. ಅಂಗಡ್ಯಾಗಿನ ಕರೀ ಬಣ್ಣ ಹಚ್ಚಿದ್ರ ಚರ್ಮ ಉರೀತೈತಿ ಅಂತಾರ ನಿಮ್ಮ ಸಂಘದ ವಿಶಾಲಕ್ಕ."

ಅಡುಗೆಮನೆಗೆ ಹೋಗಿ ಹಂಚನ್ನು ತಿರುವಿ ನೋಡಿದೆ. ಗ್ಯಾಸ್ ಬಂದು ನಲವತ್ತು ವರ್ಷವಾಯಿತು. ಹಂಚಿನ ಬೆನ್ನು ನನ್ನ ಮುಖಕ್ಕಿಂತ ನುಣ್ಣಗೆ ಹೊಳೆಯುತ್ತಿತ್ತು. ನಾಚಿಕೆಯಾಯಿತು. ಜೋಳದ ರೊಟ್ಟಿಯ ಸೀಮೆಯಲ್ಲಿ ಹುಟ್ಟಿ, ಮನೆಯಲ್ಲಿ ಒಂದು ಚಿಟಿಕೆ ಮಸಿ ಇಲ್ಲದ ಹೆಂಗಸು ನಾನು.

ನಮ್ಮವ್ವನ ಹಂಚಿನ ಬೆನ್ನ ಮೇಲೆ ಒಂದು ಬೆರಳು ದಪ್ಪ ಮಸಿ ಇರುತ್ತಿತ್ತು. ರೊಟ್ಟಿ ಮುಗಿದ ಮೇಲೆ ಅವಳು ಹಂಚನ್ನು ಗೋಡೆಗೆ ಆನಿಸಿ ನಿಲ್ಲಿಸಿದರೆ ಆ ಮಸಿಯಲ್ಲಿ ಕೆಂಪು ಕಿಡಿಗಳು ಇರುವೆ ಸಾಲಿನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದವು. ಹಂಚು ನಗುತ್ತಿದೆ, ಇವತ್ತು ಯಾರೋ ನೆಂಟರು ಬರುತ್ತಾರೆ ಎನ್ನುತ್ತಿದ್ದಳು ಅವ್ವ. ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನು ಮೂಗು ಮುರಿದು, "ಅದು ಕಾರ್ಬನ್ ಅವ್ವಾ, ಓನ್ಲಿ ಕಾರ್ಬನ್" ಎನ್ನುತ್ತಿದ್ದೆ. "ಆತು ಬಿಡವ್ವಾ, ನಿಮ್ಮ ಕಾರ್ಬನ್ ಬಂದ್ರ ಅದಕ್ಕೂ ಎರಡು ರೊಟ್ಟಿ ಬಡೀತೀನಿ" ಎಂದು ಅವಳು ಹಿಟ್ಟು ನಾದುತ್ತಿದ್ದಳು. ಇಂಗ್ಲಿಷ್ ಕಲಿತ ಮಗಳನ್ನು ಮಣಿಸುವ ವಿದ್ಯೆ ಅವಳಿಗೆ ಹುಟ್ಟಿನಿಂದಲೇ ಬಂದಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ನಾಟಕದ ವಿಷಯಕ್ಕೆ ಬರುತ್ತೇನೆ.

ಆಂಧ್ರದ ಗಡಿಯೂರು ಆದೋನಿಯ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರದೊಂದು ಸಂಘವಿದೆ. ನಾವು ಕೂಡಿದಾಗ ಮುಖ್ಯವಾಗಿ ಮಂಡಿನೋವಿನ ಚರ್ಚೆ, ಆಮೇಲೆ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ. ಶಾಲೆಯ ವಾರ್ಷಿಕೋತ್ಸವಕ್ಕೆ ನಾವೂ ಏನಾದರೂ ಮಾಡಬೇಕು ಎಂದು ಯಾರಿಗೋ ಬಜ್ಜಿಯ ಖಾರ ನೆತ್ತಿಗೇರಿದಾಗ ಹೊಳೆಯಿತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಆಡಿದ್ದ ಇಂಗ್ಲಿಷ್ ನಾಟಕವನ್ನೇ ಈ ಸಲ ಕನ್ನಡದಲ್ಲಿ ಆಡುವುದು ಎಂದಾಯಿತು. ಕನ್ನಡವೇ ಯಾಕೆ, ತೆಲುಗು ಯಾಕಲ್ಲ ಎಂದು ಒಂದು ಗಂಟೆ ಜಗಳವಾಯಿತು. ಜಗಳ ಪೂರ್ತಿ ಕನ್ನಡದಲ್ಲೇ ನಡೆದದ್ದರಿಂದ ಕನ್ನಡವೇ ಗೆದ್ದಿತು. ಕಾಲೇಜಿನಲ್ಲಿ ಪಾಠ ಹೇಳುವ ಅಶ್ವಿನಿ ಡೈರೆಕ್ಟರ್. ಇಂಗ್ಲಿಷ್ ಟೀಚರಾಗಿ ರಿಟೈರ್ ಆದ ತಪ್ಪಿಗೆ ಕನ್ನಡಕ್ಕೆ ತರುವ ಕೆಲಸ ನನ್ನದು.

ಮೂಲ ಅಮೆರಿಕದ ಒಂದು ಹಳೆಯ ಕಾದಂಬರಿ. ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನು ಓದಿ ಕಣ್ಣೀರು ಹಾಕಿದವರೆಲ್ಲ ನಾನು ಅದಕ್ಕೆ ತಂದ ಗತಿ ನೋಡಿ ಇನ್ನೊಮ್ಮೆ ಕಣ್ಣೀರು ಹಾಕಬೇಕಾಗುತ್ತದೆ. ಹತ್ತಿ ಬೆಳೆಯುವ ಒಂದು ಊರು. ಬಿಳಿಯ ದೊರೆಯ ಹತ್ತಿ ಗೋದಾಮಿಗೆ ಬೆಂಕಿ ಬೀಳುತ್ತದೆ. ಹೊಲದಲ್ಲಿ ಕೂಲಿ ಮಾಡುವ ಕಪ್ಪು ಮನುಷ್ಯನೊಬ್ಬನನ್ನು ಹಿಡಿದು ಕೋರ್ಟಿಗೆ ಎಳೆಯುತ್ತಾರೆ. ಬೆಂಕಿ ಇಟ್ಟವನು ಅವನಲ್ಲ ಎಂದು ಊರಿಗೆಲ್ಲ ಗೊತ್ತು, ಜಡ್ಜಿಗೂ ಗೊತ್ತು. ಆದರೂ ಅವನಿಗೆ ಶಿಕ್ಷೆಯಾಗುತ್ತದೆ. ಅಷ್ಟೇ. ಹತ್ತಿ, ಗೋದಾಮು, ದಲ್ಲಾಳಿ ಇವೆಲ್ಲ ಆದೋನಿಯವರಿಗೆ ಮನೆಯ ಮಾತು. ಕಪ್ಪು ಬಿಳುಪಿನ ಭೇದ ಮಾತ್ರ ಪರದೇಶದ ಸಮಾಚಾರ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು.

ಅರವತ್ತು ವರ್ಷದ ಹಿಂದೆಯೂ ಹೀಗೇ ನೆಮ್ಮದಿಯಾಗಿದ್ದೆವು. ಆಗ ನಾಟಕ ಆಡಿಸಿದ ಸಿಸ್ಟರ್ ಬಹಳ ಒಳ್ಳೆಯವರು. ಕಾದಂಬರಿಯ ಕೊನೆಯ ಪುಟ ಓದುವಾಗ ಕ್ಲಾಸಿನಲ್ಲೇ ಮೂಗು ಒರೆಸಿಕೊಂಡಿದ್ದರು. ಮರುದಿನ ಪಾತ್ರ ಹಂಚಲು ನಮ್ಮನ್ನೆಲ್ಲ ವರಾಂಡದ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಬಟ್ಟೆ ಅಂಗಡಿಯವನು ದಾರದ ಉಂಡೆ ಜೋಡಿಸುವ ಹಾಗೆ ಈ ತುದಿಗೆ ತೀರಾ ಬೆಳ್ಳಗಿನವರು, ಆ ತುದಿಗೆ ಕಪ್ಪಗಿನವರು. ಮೊದಲ ಐವರು ಬಿಳಿಯರು. ನಾನು ಆರನೆಯವಳು! ನನ್ನ ಜೀವನದ ಮೊದಲ ದೊಡ್ಡ ಟ್ರ್ಯಾಜಿಡಿ ಅದು. ಎರಡು ದಿನ ಅತ್ತು, ಊಟ ಬಿಟ್ಟು, ಕೊನೆಗೆ ದೊರೆಸಾನಿಯ ತಂಗಿಯ ಪಾತ್ರ ಗಿಟ್ಟಿಸಿದೆ. ಇದ್ದದ್ದು ಒಂದೇ ಮಾತು: "ಓ ಡಿಯರ್, ಹೌ ಡ್ರೆಡ್‌ಫುಲ್!" ಆ ಒಂದು ಮಾತಿಗಾಗಿ ನನ್ನ ಮುಖಕ್ಕೆ ಅರ್ಧ ಡಬ್ಬಿ ಪೌಡರ್ ಸುರಿಯಲಾಯಿತು.

ಸಾಲಿನ ಆ ತುದಿಯಲ್ಲಿ ನಿಂತವಳು ಎಸ್ತೇರ್.

ಎಸ್ತೇರಳ ತಾಯಿ ಕಾನ್ವೆಂಟಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವರ ಮನೆ ಕಾಂಪೌಂಡಿನ ಹಿಂದಿನ ಕೇರಿಯಲ್ಲಿತ್ತು. ಎಸ್ತೇರ್ ಲೆಕ್ಕದಲ್ಲಿ ಫಸ್ಟ್, ಹಾಡುವುದರಲ್ಲಿ ಫಸ್ಟ್. ನನಗೆ ಜಾಮೆಟ್ರಿ ಎಂಬುದೇನಾದರೂ ಬಂದಿದ್ದರೆ ಅದು ಅವಳ ನೋಟ್‌ಬುಕ್ಕಿನಿಂದ ಬಂದದ್ದು. ಮಧ್ಯಾಹ್ನ ಇಬ್ಬರೂ ಕೂತು ಬಾರೆಹಣ್ಣು ತಿಂದು ಬೀಜವನ್ನು ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಸಾಲಿನ ಕೊನೆಗೆ ನಿಂತಿದ್ದಕ್ಕೆ ಅವಳಿಗೆ ಆರೋಪಿಯ ಪಾತ್ರ ಸಿಕ್ಕಿತು. ನಾಟಕದ ಹೀರೋ ಆರೋಪಿಯೇ ಎಂದು ಸಾಲಿನ ಮುಂದೆ ನಿಂತ ನಮಗೆ ತಡವಾಗಿ ತಿಳಿಯಿತು.

ನಾಟಕದ ದಿನ ಮಸಿ ತಂದವಳು ನಾನೇ, ನಮ್ಮವ್ವನ ಹಂಚಿನಿಂದ ಕೆರೆದು, ಕಾಗದದ ಪೊಟ್ಟಣದಲ್ಲಿ. ಕೂಲಿಗಳ ಪಾತ್ರದ ಮೂವರು ಹುಡುಗಿಯರಿಗೆ ಅದನ್ನು ಶೇಂಗಾ ಎಣ್ಣೆಯಲ್ಲಿ ಕಲಸಿ ಸಿಸ್ಟರ್ ಬಳಿಯುತ್ತಿದ್ದರು. ಎಸ್ತೇರ್ ತನ್ನ ಸರದಿಗಾಗಿ ಕಣ್ಣು ಮುಚ್ಚಿ, ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ಸ್ಟೂಲಿನ ಮೇಲೆ ಕೂತಿದ್ದಳು. ಆಗ ಸುಣ್ಣ ಬಳಿದ ಗೋಡೆಯಂತಿದ್ದ ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಸಿಸ್ಟರ್, ಎಸ್ತೇರ್‌ಗೆ ಮೇಕಪ್ ಬೇಡ. ಶೀ ಈಸ್ ರೆಡಿಮೇಡ್."

ಗ್ರೀನ್ ರೂಮಿಗೆ ಗ್ರೀನ್ ರೂಮೇ ನಕ್ಕಿತು. ಸಿಸ್ಟರ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಎಸ್ತೇರ್ ಕಣ್ಣು ತೆರೆದು ನನ್ನನ್ನು ನೋಡಿದಳು. ಆಮೇಲೆ ಅವಳೂ ನಕ್ಕಳು. ಅವಳೂ ನಕ್ಕಳಲ್ಲ ಎಂಬುದನ್ನೇ ಸಾಕ್ಷಿಯಾಗಿಟ್ಟುಕೊಂಡು ನಾನು ಬಹಳ ವರ್ಷ ಬದುಕಿದೆ.

ಅವತ್ತು ಕೋರ್ಟಿನ ಸೀನಿನಲ್ಲಿ ಅವಳು "ನಾಟ್ ಗಿಲ್ಟಿ, ಮೈ ಲಾರ್ಡ್" ಎಂದಾಗ ಇಡೀ ಹಾಲ್ ಉಸಿರು ಹಿಡಿಯಿತು. ಅದರ ಹಿಂದೆಯೇ ನಾನು "ಹೌ ಡ್ರೆಡ್‌ಫುಲ್" ಎನ್ನಬೇಕಿತ್ತು. ಪೌಡರ್ ಮೂಗಿಗೆ ಹೋಗಿ ಸೀನಿದೆ. ನನ್ನ ರಂಗಭೂಮಿಯ ಚರಿತ್ರೆ ಅಲ್ಲಿಗೆ ಸಮಾಪ್ತಿ.

ಎಸ್ತೇರ್ ಮುಂದೆ ನರ್ಸ್ ಆದಳು, ಊರಿಗೆಲ್ಲ ಎಸ್ತೇರಮ್ಮ ಆದಳು. ನನ್ನ ಎರಡೂ ಹೆರಿಗೆಗೆ ಪಕ್ಕದಲ್ಲಿ ನಿಂತು ಗದರಿಸಿದವಳು ಅವಳೇ. ಒಂದೇ ಊರು, ಸಂತೆಯಲ್ಲಿ, ಮದುವೆಯಲ್ಲಿ, ಆಸ್ಪತ್ರೆಯಲ್ಲಿ ಸಿಗುತ್ತಿದ್ದೆವು. ಬಿಪಿ, ಶುಗರ್, ಸೊಸೆಯಂದಿರು ಎಲ್ಲದರ ಬಗ್ಗೆಯೂ ಮಾತಾಡಿದ್ದೇವೆ. ಆ ಒಂದು ಮಾತನ್ನು ಬಿಟ್ಟು. ಹೇಳಬೇಕು ಎಂದುಕೊಂಡು ಹೋದಾಗಲೆಲ್ಲ ಯಾರೋ ಬಂದುಬಿಡುತ್ತಿದ್ದರು. ಯಾರೂ ಬಾರದ ದಿನ, ಈಗ ಯಾರಾದರೂ ಬಂದಾರು ಎಂದು ನಾನೇ ಎದ್ದು ಬರುತ್ತಿದ್ದೆ.

ಈಗ ಪಾತ್ರ ಹಂಚುವ ಮೀಟಿಂಗು. ಸಂಘದ ಅಧ್ಯಕ್ಷೆ ವಿಶಾಲಕ್ಕನ ಮನೆಯಲ್ಲಿ. ವಿಶಾಲಕ್ಕ ಹತ್ತಿ ದಲ್ಲಾಳಿಯ ಹೆಂಡತಿ. ಒಳ್ಳೆಯ ಮನಸ್ಸು, ದೊಡ್ಡ ಗಂಟಲು. ಆರೋಪಿಯ ಪಾತ್ರ ಯಾರಿಗೆ ಎಂದು ಅಶ್ವಿನಿ ಕೇಳಿದ್ದೇ ತಡ, ವಿಶಾಲಕ್ಕ ಬಜ್ಜಿಯನ್ನು ಕಚ್ಚಿ ಹೇಳಿದಳು:

"ಅದಕ್ಯಾಕ ಮೀಟಿಂಗು? ಎಸ್ತೇರಕ್ಕ ಅದಾಳಲ್ಲ. ಆಗ ಮಾಡ್ಯಾಳ, ಈಗೂ ಮಾಡ್ತಾಳ. ಮಸೀನೂ ಉಳೀತೈತಿ!"

ಎಲ್ಲರೂ ನಕ್ಕರು. ಆ ಜೋಕಿನ ಒಡತಿ ನಾನು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರೆಲ್ಲ ನನ್ನ ನಂತರದ ಬ್ಯಾಚಿನವರು. ಅರವತ್ತು ವರ್ಷವಾದ ಮೇಲೆ, ಬೇರೆಯವರ ಬಾಯಲ್ಲಿ, ಆ ಮಾತು ಅಷ್ಟೇ ತಾಜಾ ಆಗಿ ಹೊರಬಂದಿತ್ತು. ನನಗೆ ಮಿರ್ಚಿ ಬಜ್ಜಿ ಗಂಟಲಿಗೆ ಸಿಕ್ಕಿಕೊಂಡು ಕೆಮ್ಮು ಹತ್ತಿತು. ಬೆನ್ನು ಗುದ್ದಿ, ನೀರು ಕುಡಿಸಿ, "ನೀವ ಹೋಗಿ ಕೇಳಿ ಬರ್ರಿ ಗಿರಿಜಕ್ಕಾ, ನಿಮ್ಮ ಫ್ರೆಂಡಲ್ಲಾ" ಎಂದು ನನ್ನನ್ನೇ ಕಳಿಸಿದರು.

ಎಸ್ತೇರ್ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಬಾ ಗಿರಿಜಾ. ಮಂಡಿ ಹೆಂಗ ಐತಿ?"

"ಐತಿ."

"ಇದ್ರ ಸಾಕು." ಚಹಾ ಬಂತು. ನಾಟಕದ ಸಮಾಚಾರ ಹೇಳಿದೆ. "ನನಗ ಯಾವ ಪಾರ್ಟು?" ಎಂದು ಕೇಳಿದಳು.

"ಹಳೇದ."

"ಓಹೋ. ಎಪ್ಪತ್ತಾರು ವರ್ಷಕ್ಕ ನಾ ಮತ್ತ ಹತ್ತಿ ಬಿಡಿಸೋ ಕೂಲಿ?"

"ನೀ ಬ್ಯಾಡ ಅಂದ್ರ ಬ್ಯಾಡ, ಎಸ್ತೇರ್."

"ಬ್ಯಾಡ ಅಂದ್ನೇನು? ನಾಟಕಕ್ಕ ಬರ್ತೀನಿ. ಜಡ್ಜ್ ಆಗ್ತೀನಿ."

"ಜಡ್ಜ್ ವಿಶಾಲಕ್ಕ ಅಂತ ಆಗೈತಿ."

"ವಿಶಾಲಗ ಹೇಳು, ಮೂವತ್ತೆಂಟು ವರ್ಷ ಈ ಊರ ಮಂದಿಗೆಲ್ಲಾ ಸೂಜಿ ಚುಚ್ಚೀನಿ. ಯಾರು ಖರೇ ಅಳ್ತಾರ, ಯಾರು ಸುಳ್ಳ ಅಳ್ತಾರ, ದೂರಿಂದನ ಹೇಳ್ತೀನಿ. ಜಡ್ಜಿಗೆ ಇನ್ನೇನು ಬೇಕು?"

"ಮತ್ತ ಆರೋಪಿ?"

"ನೀನ ಆಗು."

"ನಾನಾ?"

"ಯಾಕ, ಇಂಗ್ಲಿಷ್ ಓದಿದಾಕಿ ಕೂಲಿ ಆಗಬಾರ್ದೇನು? ಇನ್ನೊಂದು ಕಂಡೀಷನ್ ಐತಿ ನೋಡು. ಮುಖಕ್ಕ ಏನೂ ಹಚ್ಚೂ ಹಂಗಿಲ್ಲ. ಮಸಿ ಇಲ್ಲ, ಪೌಡರ್ ಇಲ್ಲ. ನಿನಗೂ ಇಲ್ಲ, ನನಗೂ ಇಲ್ಲ."

ಆ ಮಾತು ಹೇಳುವಾಗ ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. ಈಗಲೇ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ.

"ಎಸ್ತೇರ್..."

"ಏನು?"

"ಚಾ ಚಲೋ ಆಗೈತಿ."

ಇಂಗ್ಲಿಷ್ ಎಂ.ಎ., ಸೆಕೆಂಡ್ ಕ್ಲಾಸ್. ಇಷ್ಟೇ ನನ್ನ ವಾಕ್ಚಾತುರ್ಯ.

ಜಡ್ಜ್ ಪದವಿ ಹೋದದ್ದಕ್ಕೆ ವಿಶಾಲಕ್ಕ ಒಂದು ದಿನ ಮುನಿಸಿಕೊಂಡು, ದೊರೆಸಾನಿಯ ಪಾತ್ರಕ್ಕೆ ಹೂವಿನ ಹ್ಯಾಟು ಸಿಗುತ್ತದೆ ಎಂದಾಗ ಸಮಾಧಾನಗೊಂಡಳು. ಅವಳ ಒಂದು ತಕರಾರು ಮಾತ್ರ ಉಳಿದೇ ಇತ್ತು: "ಬಣ್ಣ ಹಚ್ಚಲಿಲ್ಲಂದ್ರ ಯಾರು ಕರಿಯರು, ಯಾರು ಬಿಳಿಯರು ಅಂತ ಮಂದಿಗೆ ಹೆಂಗ ತಿಳೀತೈತಿ?" ಅಶ್ವಿನಿ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ರಿಹರ್ಸಲ್ ಎಂಬ ಪ್ರಹಸನವನ್ನು ವರ್ಣಿಸುವುದಿಲ್ಲ. ಜಡ್ಜಿನ ಬಿಳಿಯ ವಿಗ್ಗನ್ನು ವಿಶಾಲಕ್ಕ ತಮ್ಮ ಗೋದಾಮಿನ ಹತ್ತಿಯಿಂದ ಮಾಡಿಸಿ ತಂದಿದ್ದಳು. ಬೀಜ ತೆಗೆದ ಅರಳೆ ತರಬೇಕಿತ್ತು, ಬೀಜವಿದ್ದ ಹತ್ತಿಯನ್ನೇ ತಂದಿದ್ದಳು. ಎಸ್ತೇರ್ ತಲೆ ಅಲ್ಲಾಡಿಸಿದಾಗಲೆಲ್ಲ ಮೇಜಿನ ಮೇಲೆ ಹತ್ತಿಬೀಜ ಟಪ್ ಟಪ್ ಉದುರುತ್ತಿತ್ತು. ಜಡ್ಜಿನ ಸುತ್ತಿಗೆಗೆ ಬದಲು ಲಟ್ಟಣಿಗೆ. ಆರೋಪಿಯ ಪರ ವಕೀಲೆಗೆ ಪಾಪ, ಕಿವಿ ಮಂದ, ಸಾಕ್ಷಿ ಮಾತು ಮುಗಿಸುವ ಮೊದಲೇ "ಅಬ್ಜೆಕ್ಷನ್!" ಎನ್ನುತ್ತಿದ್ದಳು.

ಮೊದಲ ಅಂಕದಲ್ಲಿ ಒಂದು ಸೀನಿದೆ. ಕೂಲಿ ಬಿಸಿಲಲ್ಲಿ ಬಳಲಿ ದೊರೆಯ ಮನೆಯ ಹಿತ್ತಲಿಗೆ ಬಂದು ನೀರು ಕೇಳುತ್ತಾನೆ. ದೊರೆಸಾನಿ ಅವನಿಗೆಂದೇ ಬೇರೆ ಇಟ್ಟ ತಗಡಿನ ಮಗ್ಗಿನಲ್ಲಿ ಕೊಡುತ್ತಾಳೆ. ಕಾದಂಬರಿಯಲ್ಲಿ ಹಾಗಿದೆ, ನಾನು ವಿಧೇಯಳಾಗಿ ಹಾಗೇ ಬರೆದಿದ್ದೆ. ನಾಲ್ಕನೇ ದಿನದ ರಿಹರ್ಸಲ್‌ನಲ್ಲಿ ವಿಶಾಲಕ್ಕ ಮಗ್ಗನ್ನು ಕುಕ್ಕಿ ನಿಂತಳು.

"ಅಶ್ವಿನೀ, ಈ ಸೀನು ಯಾಕ ಐತಿ ಅನ್ನೋದ ನನಗ ತಿಳಿವಲ್ದು. ಬಿಸಲಾಗ ಬಂದಾನ, ನೀರು ಕೇಳ್ಯಾನ, ಕೊಟ್ಟೀನಿ. ಅವಂಗಂತ ಬ್ಯಾರೆ ಮಗ್ಗು ಐತಿ, ಅದರಾಗ ಕೊಟ್ಟೀನಿ. ಇದರಾಗ ಅನ್ಯಾಯ ಎಲ್ಲೈತಿ? ನಮ್ಮನ್ಯಾಗ ಕೆಲಸದ ರಂಗಿಗೆ ಬ್ಯಾರೆ ಲೋಟ ಇಟ್ಟಿಲ್ಲೇನು? ಅದೂ ಸ್ಟೀಲಿಂದು, ತಗಡಿಂದಲ್ಲ!"

"ನಮ್ಮನ್ಯಾಗೂ ಐತಿ," ಎಂದಳು ವಕೀಲೆ. ಅದೊಂದು ಮಾತು ಅವಳಿಗೆ ಸರಿಯಾಗಿ ಕೇಳಿಸಿತ್ತು. ಎಲ್ಲರೂ ತಲೆ ಆಡಿಸಿದರು. ನಾನು ಆಡಿಸಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ, ಮನೆಗೆಲಸದ ಈರಮ್ಮನದೆಂದು, ಬೋರಲಾಗಿ ಕೂತಿರುವ ಲೋಟ ಕಣ್ಣಮುಂದೆ ಬಂದಿತ್ತು. ಆ ಸೀನನ್ನು ಇಂಗ್ಲಿಷಿನಲ್ಲಿ ಮೂರು ಸಲ ಓದಿ, ಮೂರು ಸಲವೂ "ಹೌ ಕ್ರುಯೆಲ್" ಎಂದು ಮಾರ್ಜಿನ್ನಿನಲ್ಲಿ ಬರೆದವಳು ನಾನು. ಬರೆದಾದ ಮೇಲೆ ಎದ್ದು ಹೋಗಿ ಈರಮ್ಮನಿಗೆ ಆ ಲೋಟದಲ್ಲಿ ಚಹಾ ಹೊಯ್ದವಳೂ ನಾನೇ.

ಅಶ್ವಿನಿ ಏನೋ ವಿವರಿಸಲು ಹೊರಟಳು. ಅಷ್ಟರಲ್ಲಿ ಜಡ್ಜಿನ ಕುರ್ಚಿಯಿಂದ ಮಾತು ಬಂತು.

"ಮಗ್ಗು ತೆಗೀರಿ. ತಂಬಿಗಿ ತೊಗೊಂಡು ಮ್ಯಾಲಿಂದ ಹೊಯ್ರಿ, ಆಕಿ ಬೊಗಸ್ಯಾಗ ಕುಡೀಲಿ. ಆಗ ಬಣ್ಣ ಯಾಕ ಬೇಕು? ಈ ಊರಾಗ ಹುಟ್ಟಿದವ್ರಿಗೆ ಎಲ್ಲಾರಿಗೂ ತಿಳೀತೈತಿ." ಲಟ್ಟಣಿಗೆ ಕೆಳಗಿಟ್ಟು ಮತ್ತೆ ಹೇಳಿದಳು ಎಸ್ತೇರ್, "ನಮ್ಮವ್ವ ಕಾನ್ವೆಂಟಿನ ಹೊರಗ ಯಾವ ಮನ್ಯಾಗ ನೀರು ಕುಡದ್ರೂ ಹಂಗ ಕುಡೀತಿದ್ಲು. ನಿಮ್ಮನ್ಯಾಗೂ, ಗಿರಿಜಾ."

ವಿಗ್ಗಿನಿಂದ ಒಂದು ಬೀಜ ಬಿತ್ತು.

ಮನೆಗೆ ಬಂದವಳೇ ವೀರಾವೇಶದಿಂದ ಕಿಟಕಿಯ ಲೋಟ ತೆಗೆದು ಒಳಗಿನ ಲೋಟಗಳ ಜೊತೆ ಕಲೆಸಿಬಿಟ್ಟೆ. ಮರುದಿನ ಈರಮ್ಮ "ನನ್ನ ಲೋಟ ಯಾವ ಕಳ್ಳ ಹೊತ್ತಾನ?" ಎಂದು ಅರ್ಧ ಗಂಟೆ ಹಿತ್ತಲೆಲ್ಲ ಹುಡುಕಿದಳು. ಒಳಗಿನ ಲೋಟದಲ್ಲಿ ಚಹಾ ಕೊಟ್ಟು ನಾನು ಧನ್ಯಭಾವದಿಂದ ನಿಂತರೆ, ಆಕೆ ಲೋಟವನ್ನು ಬೆಳಕಿಗೆ ಹಿಡಿದು, "ಇದರಾಗ ಯಾರ್ಯಾರು ಕುಡದಾರೋ ಏನೋ. ತೊಳದೀರೇನು ಅಮ್ಮಾ?" ಎಂದಳು. ಸಮಾಜ ಸುಧಾರಣೆ ನಾನು ಅಂದುಕೊಂಡಷ್ಟು ಸುಲಭವಲ್ಲ.

ವಾರ್ಷಿಕೋತ್ಸವ ಶನಿವಾರ ಮಧ್ಯಾಹ್ನ. 

ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಬೀಗರು, ದಾಯಾದಿಗಳು, ನನಗೆ ಅವಮಾನವಾದರೆ ನೋಡಲೆಂದು ದೂರದಿಂದ ಬಂದವರು. ಪರದೆ ಎದ್ದಿತು. ಹರಿದ ಪಂಚೆ ಉಟ್ಟು, ತಲೆಗೆ ಟವೆಲ್ ಸುತ್ತಿ ನಾನು ಬಂದದ್ದನ್ನು ನೋಡಿ ಅವರೆಲ್ಲ ಕಿಸಕ್ಕೆಂದರು. ಹಿತ್ತಲಿಗೆ ಹೋಗಿ ನೀರು ಕೇಳಿದೆ. ವಿಶಾಲಕ್ಕ ಹೂವಿನ ಹ್ಯಾಟು ಸರಿಮಾಡಿಕೊಂಡು ತಂಬಿಗೆ ಎತ್ತಿದಳು. ನಾನು ಬಗ್ಗಿ ಬೊಗಸೆ ಒಡ್ಡಿದೆ.

ರಿಹರ್ಸಲ್‌ನಲ್ಲಿ ಬರಿಯ ತಂಬಿಗೆ ಇತ್ತು, ನೀರಿರಲಿಲ್ಲ. ನೀರು ಬಿದ್ದಾಗಲೇ ಗೊತ್ತಾದದ್ದು, ಸಂಧಿವಾತದ ಬೆರಳುಗಳಲ್ಲಿ ಬೊಗಸೆ ನಿಲ್ಲುವುದಿಲ್ಲ. ಬೆರಳ ಸಂದಿಯಿಂದ ಸೋರಿ, ಮೊಣಕೈಗಿಳಿದು, ಅಂಗಿ ತೊಯ್ದು, ಬಾಯಿಗೆ ಬಂದದ್ದು ಎರಡು ಗುಟುಕು. ಕುಡಿಯುವಾಗ ತಲೆ ಎತ್ತುವ ಹಾಗಿಲ್ಲ. ಕೊಡುವವರ ಮುಖ ಕಾಣುವುದಿಲ್ಲ, ಅವರ ಕಾಲಷ್ಟೇ ಕಾಣುತ್ತದೆ. ಎಸ್ತೇರಳ ಅವ್ವ ನಮ್ಮ ಹಿತ್ತಲಲ್ಲಿ ಬಗ್ಗಿ ಕುಡಿಯುವಾಗ ಅವಳಿಗೆ ಕಂಡದ್ದು ನಮ್ಮವ್ವನ ಕಾಲುಂಗುರ ಎಂದು ನನಗೆ ಆಗ ಹೊಳೆಯಿತು.

ಕಿಸಕ್ಕೆನ್ನುವುದು ನಿಂತಿತ್ತು. ಯಾರು ಕಪ್ಪು, ಯಾರು ಬಿಳಿ ಎಂದು ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕೂತವರು ಮುಂದಕ್ಕೆ ಬಾಗಿ ನೋಡುತ್ತಿದ್ದರು. ಮುಂದಿನ ಸಾಲಿನವರು ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

ಕೋರ್ಟಿನ ಸೀನು. ಎಸ್ತೇರ್ ಬಂದು ಕೂತಳು. ಇಲ್ಲಿಯ ಕೋರ್ಟೆಂದ ಮೇಲೆ ನಾಲ್ಕು ಮಾತಾದರೂ ತೆಲುಗು ಇರಬೇಕು ಎಂದು ಅವಳದೇ ತಿದ್ದುಪಡಿ.

"ಏಮ್ಮಾ, ಗೋದಾಮಿಗೆ ಬೆಂಕಿ ಬಿದ್ದೈತಿ. ನೀ ಮಾಡೀದ್ಯೋ ಇಲ್ಲೋ? ಚೆಪ್ಪು."

ನನ್ನ ಮಾತು ಇದ್ದದ್ದು: "ನಾ ಮಾಡಿಲ್ಲ, ಮೈ ಲಾರ್ಡ್." ಇಪ್ಪತ್ತು ದಿನ ಸ್ಕ್ರಿಪ್ಟ್ ನೋಡಿಕೊಂಡು ಹೇಳಿದ್ದೆ. ಅವತ್ತು ಸ್ಕ್ರಿಪ್ಟ್ ಇಲ್ಲ; ಕೂಲಿಗೆ ಕನ್ನಡಕವೂ ಇಲ್ಲ. ಮುಖ ಕಾಣಲೆಂದು ಎರಡು ಹೆಜ್ಜೆ ಮುಂದೆ ಹೋದೆ. ಎಸ್ತೇರ್ ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ನನ್ನ ಮಾತಿಗೆ ಕಾಯುತ್ತಿದ್ದಳು. ಆ ಮುಖಕ್ಕೆ ಎದುರಾಗಿ ನಿಂತು, ನಾ ಮಾಡಿಲ್ಲ ಎಂದು ಹೇಗೆ ಹೇಳುವುದು, ನೀವೇ ಹೇಳಿ.

"ಮಾಡೀನಿ," ಎಂದೆ.

ಪರದೆಯ ಹಿಂದಿನಿಂದ ಅಶ್ವಿನಿ ಚೀರಿದಳು: "ಅಜ್ಜೀ, ಇಲ್ಲ ಅನ್ರಿ! ಮಾಡಿಲ್ಲ ಅನ್ರಿ!" ವಕೀಲೆ ಎದ್ದು, "ಅಬ್ಜೆಕ್ಷನ್!" ಎಂದಳು. ಯಾರಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಎಸ್ತೇರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ಏನು ಮಾಡೀದಿ? ಕೋರ್ಟಿಗೆ ಬಿಡಿಸಿ ಹೇಳು."

"ಬೆಂಕಿ ನಾ ಇಟ್ಟಿಲ್ಲ. ಬ್ಯಾರೆ ಮಾಡೀನಿ. ಒಂಬತ್ತನೇ ಕ್ಲಾಸಿನಾಗ, ಎಲ್ಲಾರ ಮುಂದ, ಈಕಿಗೆ ಮೇಕಪ್ ಬ್ಯಾಡ, ರೆಡಿಮೇಡ್ ಅದಾಳ ಅಂದೆ. ಎಲ್ಲಾರನ್ನೂ ನಗಿಸಿದೆ. ನೀನೂ ನಕ್ಕಿದಿ, ಅದಕ್ಕ ಅದು ತಪ್ಪಲ್ಲ ಅಂತ ನನಗ ನಾನ ಹೇಳ್ಕೊಂಡು ಬಂದೀನಿ."

ನಾಟಕದಲ್ಲಿ ಹೀಗೇ ಇದೆ ಎಂದು ಅರ್ಧ ಜನ, ಮುದುಕಿಗೆ ಮರೆವು ಎಂದು ಉಳಿದರ್ಧ ಜನ ಅಂದುಕೊಂಡರು. ವಿಶಾಲಕ್ಕ ಮಾತ್ರ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು.

ಎಸ್ತೇರ್ ಲಟ್ಟಣಿಗೆಯಿಂದ ಮೇಜಿಗೆ ಒಂದು ಬಿಗಿದಳು.

"ಅದು ಬ್ಯಾರೆ ಕೇಸು," ಎಂದಳು. "ಅದಕ್ಕ ಬ್ಯಾರೆ ವಾಯಿದೆ ಹಾಕ್ತೀನಿ. ಇವತ್ತಿನ ಕೇಸಿಗೆ ಬಾ. ಬೆಂಕಿ ಇಟ್ಟೀದ್ಯೋ ಇಲ್ಲೋ?"

"ಇಲ್ಲ, ಮೈ ಲಾರ್ಡ್."

"ಹಂಗಾದ್ರ ಶಿಕ್ಷೆ."

ಹಾಲ್ ಗೊಳ್ಳೆಂದು ನಕ್ಕಿತು. ಅರ್ಧ ನಗುವಿನಲ್ಲಿ, ತಾವು ಏನಕ್ಕೆ ನಕ್ಕೆವು ಎಂದು ತಿಳಿದು, ನಿಂತಿತು. ಪರದೆ ಬಿತ್ತು.

ಗ್ರೀನ್ ರೂಮಿನಲ್ಲಿ ಎಸ್ತೇರ್ ವಿಗ್ ತೆಗೆದು ಕೂದಲಿನಿಂದ ಹತ್ತಿಬೀಜ ಆರಿಸಿಕೊಳ್ಳುತ್ತಿದ್ದಳು. ಎದುರಿಗೆ ಕೂತೆ.

"ನೋಡು ಗಿರಿಜಾ," ಎಂದಳು ಅವಳೇ, "ನೀ ಯಾವಾಗ ಹೇಳ್ತಿ, ಯಾವಾಗ ಹೇಳ್ತಿ ಅಂತ ನಾ ಅರವತ್ತು ವರ್ಷ ಕಾಕೊಂತ ಕುಂತಿದ್ದಿಲ್ಲ. ನನಗ ಬ್ಯಾರೆ ಕೆಲಸ ಇದ್ವು."

"ಮರತಿದ್ದೇನು ಹಂಗಾದ್ರ?"

"ಮರಿಯೋ ಮಾತೇನು ಅದು?" ಒಂದು ಬೀಜ ತೆಗೆದು ಕಿಟಕಿಯಾಚೆ ಎಸೆದಳು. "ನಾ ಯಾಕ ನಕ್ಕೆ ಅಂತ ಗೊತ್ತೇನು ನಿನಗ? ಅತ್ತಿದ್ರ ಸಿಸ್ಟರ್ ಬ್ಯಾರೇದವರಿಗೆ ಮಸಿ ಹಚ್ಚಿ ನಿಲ್ಲಿಸ್ತಿದ್ರು. ನನಗ ಪಾರ್ಟು ಬೇಕಿತ್ತು."

ಕ್ಷಮಿಸು ಎಂದರೆ ಕ್ಷಮಿಸಿದೆ ಎನ್ನುವ ಕೆಲಸವನ್ನೂ ಅವಳ ಮೇಲೆ ಹೊರಿಸಿದ ಹಾಗಾಗುತ್ತಿತ್ತು. ಅದಕ್ಕೇ ಅದನ್ನು ಬಿಟ್ಟು ಕೇಳಿದೆ: "ಮತ್ತ ನನ್ನ ಆ ಕೇಸು?"

"ನೋಡೂಣು. ಕೋರ್ಟು ಬಿಜಿ ಐತಿ."

ನಿಜಕ್ಕೂ ಬಿಜಿ ಆಯಿತು. ಮುಂದಿನ ತಿಂಗಳಿಗೆ ಹೊಳಗುಂದದವರು, ಅದರ ಮುಂದಿನ ತಿಂಗಳಿಗೆ ದೇವನಕೊಂಡದವರು ತಮ್ಮೂರ ಶಾಲೆಯಲ್ಲಿ ನಾಟಕ ಆಡಲು ಕರೆದರು. ಮಂಡಿ, ಬಿಪಿ, ಮಾತ್ರೆ, ಲಟ್ಟಣಿಗೆ ಎಲ್ಲ ಹೊತ್ತುಕೊಂಡು ಎರಡು ಆಟೋದಲ್ಲಿ ಮೊದಲು ಹೊಳಗುಂದಕ್ಕೆ ಹೋದೆವು. ಈ ಸಲ ನಾನು ಸರಿಯಾಗಿ "ನಾ ಮಾಡಿಲ್ಲ" ಎಂದೆ. ಎಸ್ತೇರ್ ಸ್ಕ್ರಿಪ್ಟಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಕನ್ನಡಕದ ಮೇಲಿಂದ ನೋಡಿ ಶಿಕ್ಷೆ ಕೊಟ್ಟಳು. ನೆಲದ ಮೇಲೆ ಕೂತಿದ್ದ ಹೆಂಗಸೊಬ್ಬಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದಳು: "ಏ ಜಡ್ಜಮ್ಮಾ, ಬಿಡವ್ವಾ ಆಕೀನ, ಮುದುಕಿ ಅದಾಳ!"

"ನಾನೇನು ಹರೇದಾಕಿ ಅದೀನೇನು?" ಎಂದಳು ಎಸ್ತೇರ್. "ಕುಂದ್ರು ಕೆಳಗ."

ವಾಪಸು ಬರುವಾಗ ಅವಳು ಆಟೋದಲ್ಲಿ ನನ್ನ ಭುಜಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ನಿಂತಿತ್ತು. ನಿದ್ದೆ ಬಂದಿದೆ ಎಂದುಕೊಂಡು ಮೆಲ್ಲಗೆ ಕೇಳಿದೆ: "ಎಸ್ತೇರ್, ನನ್ನ ಕೇಸು ಇವತ್ತರ ತೊಗೋತೀ?"

ಅವಳು ಕಣ್ಣು ತೆರೆಯಲಿಲ್ಲ, ತಲೆಯನ್ನೂ ತೆಗೆಯಲಿಲ್ಲ.

"ಮುಂದಿನ ವಾಯಿದೆ ದೇವನಕೊಂಡದಾಗ," ಎಂದಳು.